ತಾಳಿಸರದ ಪಿನ್ನುಗಳು

ನನ್ನ ಎದೆಯ ಮೇಲೆ ಅಂಗೈಯಗಲ ಕಜ್ಜಿ ಎದ್ದದ್ದೇ ತಡ, ಗಂಗಾವತಿಯ ನಮ್ಮ ಓಣಿಯವರೆಲ್ಲ ವೈದ್ಯರಾದರು. ಅತ್ತೆ ಬಸವಣ್ಣೆಮ್ಮ ಮಾತ್ರ ನೇರವಾಗಿ ತೀರ್ಪನ್ನೇ ಕೊಟ್ಟಳು.

"ರೂಪಾ, ನಿನಗ ತಾಳಿನ ಆಗಿಬರವಲ್ದು. ನನ್ನ ಮಗನ ಜೀವಕ್ಕ ಕುತ್ತು ಐತಿ. ಅಮಾಸಿಯೊಳಗ ಇದು ಮಾಯಲಿಲ್ಲಂದ್ರ ಹುಲಿಹೈದರಕ್ಕ ನಡಿ, ನಿಮ್ಮವ್ವನ ಮನಿಗೆ."

ನನ್ನ ಗಂಡ ಹುಲಿಗೇಶ ರೈಸ್‌ಮಿಲ್ಲಿನಲ್ಲಿ ಹಮಾಲರನ್ನೆಲ್ಲ ಗದರಿಸುವ ಗಂಡಸು. ಅವ್ವನ ಮುಂದೆ ಮಾತ್ರ ತಲೆ ತಗ್ಗಿಸಿ ಮಜ್ಜಿಗೆ ಕುಡಿಯುತ್ತಿದ್ದ. ಕಜ್ಜಿಗಿಂತ ಅದೇ ನನಗೆ ಹೆಚ್ಚು ಉರಿಯಿತು.

ಚರ್ಮದ ಡಾಕ್ಟರ್ ಮೆಹಜಬೀನ ಒಂದು ಪುಟ್ಟ ಬಾಟಲಿ ಕೊಟ್ಟರು. "ನಿಕ್ಕಲ್ ಅಂತ ಒಂದು ಲೋಹ ಐತಿ, ವರ್ಷಗಟ್ಟಲೆ ಹಾಕ್ಕೊಂಡ ಮ್ಯಾಲೂ ಕೆಲವರ ಮೈಗೆ ಒಗ್ಗದಂಗ ಆಗತೈತಿ. ಹತ್ತಿಗೆ ಎರಡು ಹನಿ ಹಾಕಿ ಒಡವಿ ಮ್ಯಾಲೆ ತಿಕ್ರಿ. ಹತ್ತಿ ಗುಲಾಬಿ ಬಣ್ಣ ಆತಂದ್ರ ಅದರಾಗ ನಿಕ್ಕಲ್ ಐತಿ."

ಪಡಸಾಲೆಯಲ್ಲಿ ಎಲ್ಲರೆದುರೇ ಕೂತು ತಾಳಿ ತಿಕ್ಕಿದೆ. ಹತ್ತಿ ಬೆಳ್ಳಗೇ ಇತ್ತು. ಸರ ತಿಕ್ಕಿದೆ, ಅದೂ ಬಿಳಿ.

"ಬಂಗಾರ ಛಲೋ ಐತಿ. ಕೆಟ್ಟದ್ದು ನಿನ್ನ ಮೈ!" ಅತ್ತೆ ಗೆದ್ದವಳ ಹಾಗೆ ಅಂದಳು.

ಸರದಲ್ಲಿ ಇನ್ನು ಉಳಿದದ್ದು ಒಂಬತ್ತು ಪಿನ್ನು. ಸೆರಗಿಗೆ, ಕಿತ್ತ ಹುಕ್ಕಿಗೆ, ಕಾಲಿನ ಮುಳ್ಳಿಗೆ ಬೇಕಾಗುತ್ತವೆ, ಗರತಿಯ ತಾಳಿಯಲ್ಲಿ ಪಿನ್ನು ಇರಲೇಬೇಕು ಎಂದು ಮದುವೆಯ ದಿನ ಅತ್ತೆಯೇ ಸಿಗಿಸಿದ್ದಳು. ತಿಕ್ಕಿದೆ. ಹತ್ತಿ ಗುಲಾಬಿಯಾಯಿತು.

"ನೋಡ್ರಿ ಅತ್ತೀ! ನಿಮ್ಮ ಮಗನ ಕುತ್ತು ಪಿನ್ನಿನಾಗ ಐತಿ!" ಎಂದು ಓಣಿಗೆ ಕೇಳುವಂತೆ ಕೂಗಿದೆ.

ಅವಳು ಬೈಯಲಿಲ್ಲ. ಹೊಸ ಹತ್ತಿ ಕಿತ್ತುಕೊಂಡು ತನ್ನ ತಾಳಿಸರ ಹೊರಗೆಳೆದಳು. ಅದರಲ್ಲಿ ಪಿನ್ನುಗಳ ಗೊಂಚಲೇ ಇತ್ತು. ಆ ಹತ್ತಿಯೂ ಗುಲಾಬಿಯಾಯಿತು. ಹುಲಿಗೇಶನನ್ನು ಹೊರಗೆ ಅಟ್ಟಿ ಸೆರಗು ಸರಿಸಿದಳು. ಎದೆಯ ಮೇಲೆ ಕಪ್ಪಗೆ ದಡ್ಡುಗಟ್ಟಿದ ಹಳೆಯ ಕಜ್ಜಿಯಿತ್ತು. ಏಳು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಅದನ್ನು ಕಂಡಿರಲಿಲ್ಲ.

"ಇದನ್ನ ನೋಡಿ ನಮ್ಮತ್ತಿ ಸಾಯೂತನಕ ನನಗ ಗಂಡನ್ನ ನುಂಗಾಕಿ ಅಂದ್ಲವಾ. ನಾನೂ ಖರೇ ಅಂದ್ಕೊಂಡೆ. ನಿಮ್ಮಾವಗ ಕೆಮ್ಮು ಬಂದ್ರೂ ನನ್ನಿಂದನ ಅಂತ ಅಳತಿದ್ದೆ."

ನಾನು ಕೂಡಿಟ್ಟಿದ್ದ ಬೈಗುಳವೆಲ್ಲ ಮರೆತು ಅವಳ ಸೆರಗು ಸರಿಮಾಡಿದೆ. ಅಯ್ಯೋ ಪಾಪ ಅನ್ನಿಸಿತು.

ಅವಳು ತನ್ನವೂ ನನ್ನವೂ ಪಿನ್ನುಗಳನ್ನೆಲ್ಲ ಬಿಚ್ಚಿಕೊಂಡು ಸ್ಟೂಲು ಹತ್ತಿದಳು. ಗೋಡೆಯಲ್ಲಿದ್ದ ತನ್ನ ಅತ್ತೆಯ ಫೋಟೋದ ಹಾರಕ್ಕೆ ಒಂದೊಂದಾಗಿ ಸಿಗಿಸಿದಳು.

"ತಗೋ ಮುದುಕಿ, ಇನ್ನ ನೀನ ತುರಿಸ್ಕೋ."