ಕೆರೆದ ಗುರುತು

ಭಾಲ್ಕಿಯಲ್ಲಿ ಹೆಸರಿದ್ದ ಕಲ್ಲುಕೆಲಸದವರು ಇಬ್ಬರೇ, ನಾನು ಮತ್ತು ಕರೀಮ ಸಾಬ. ಅವನನ್ನು ಜನ ಉಸ್ತಾದ ಅನ್ನುತ್ತಿದ್ದರು, ನನ್ನನ್ನು ಬರೀ ಮಡೆಪ್ಪ. ನನ್ನ ಹೆಂಡತಿ ಪುತಳಾಬಾಯಿ ಕೂಡ, ನಾನು ಗೋಡೆಯಲ್ಲಿ ಕೊರೆದ ದೀಪದ ಮಾಡದ ಮುಂದೆ ನಿಂತು, "ಸೊಟ್ಟ ಅದರಿ. ಉಸ್ತಾದರಿಗೆ ಒಂದ್ ಮಾತು ಹೇಳೋಣೇನ್ರಿ?" ಅಂದಿದ್ದಳು. ಮೈಯೆಲ್ಲ ಉರಿದುಹೋಯಿತು. ಉಸ್ತಾದ ಅನ್ನುವ ಆ ಶಬ್ದ ನನ್ನ ಬಾಯಿಂದ ಎಂದೂ ಹೊರಡಕೂಡದು ಎಂದು ಅಂದೇ ಹಟ ಹಿಡಿದೆ.

ಆ ಬೇಸಿಗೆಯಲ್ಲಿ ಬಕ್ಕಪ್ಪ ಪಾಟೀಲರ ವಾಡೆಯ ಬಾಗಿಲಿಗೆ ಕೆಂಪುಕಲ್ಲಿನ ಕಮಾನು ಕಟ್ಟುವ ಕೆಲಸವೂ ಕರೀಮ ಸಾಬನಿಗೇ ಸಿಕ್ಕಿತು. ಎರಡೂ ಕಡೆಯಿಂದ ಕಲ್ಲು ಏರಿಸಿಕೊಂಡು ಬಂದಿದ್ದ. ನಡುವಿನ ಒಂದು ಕಲ್ಲು ಬಾಕಿ. ಅದು ಕೂತರೆ ಮಾತ್ರ ಕೆಳಗಿನ ಕಟ್ಟಿಗೆಯ ಆಸರೆ ತೆಗೆಯಬಹುದು. ಮಳೆಗಾಲ ಮುಗಿಯುವಷ್ಟರಲ್ಲಿ ಪೊಲೀಸ್ ಆಕ್ಷನ್ ಆಯಿತು. ಭಾರತದ ಸೈನ್ಯ ಬಂದು ನಿಜಾಮನ ರಾಜ್ಯ ಬಿತ್ತು, ಗಲಭೆ ಎದ್ದು ಎಷ್ಟೋ ಮುಸಲ್ಮಾನರು ಜೀವ ಉಳಿಸಿಕೊಳ್ಳಲು ಊರು ಬಿಟ್ಟರು. ಕರೀಮ ಸಾಬನೂ ಹೆಂಡತಿ ಮಕ್ಕಳ ಜೊತೆ ಕಾಣೆಯಾದ. ಸುಳ್ಳು ಯಾಕೆ ಹೇಳಲಿ, ಅಯ್ಯೋ ಪಾಪ ಅನ್ನಿಸುವ ಮೊದಲು ನನಗೆ ಆ ಕಮಾನು ನೆನಪಾಯಿತು.

ಪಾಟೀಲರು ಕರೆದೇ ಕರೆದರು. ಖಣಿಯಿಂದ ಹೊಸ ಕಲ್ಲು ತಂದು ಕೆತ್ತಿದೆ. ಹಸಿ ಕೆಂಪುಕಲ್ಲು ಮೆತ್ತಗಿರುತ್ತದೆ, ತಿಂಗಳುಗಟ್ಟಲೆ ಗಾಳಿ ಬಿಸಿಲು ಉಂಡ ಮೇಲೆಯೇ ಗಟ್ಟಿಯಾಗುವುದು. ಗೊತ್ತಿತ್ತು, ಆದರೆ ಕಾಯುವ ತಾಳ್ಮೆ ಎಲ್ಲಿತ್ತು? ಬಡಿದು ಕೂರಿಸಹೋದರೆ ಅಂಚು ಉದುರಿತು. ಮೂರು ಕಲ್ಲು ಹಾಳಾದವು. ಅಂಗಳದ ಮೂಲೆಯಲ್ಲಿ ಕರೀಮ ಸಾಬ ಬೇಸಿಗೆಯಲ್ಲೇ ಕೆತ್ತಿ ಒಣಗಲು ಬಿಟ್ಟ ಕಲ್ಲು ಬಿದ್ದಿತ್ತು. ಅದರ ಮುಖದ ಮೇಲೆ ಅವನ ಗುರುತು, ಒಂದು ಸಣ್ಣ ಎಲೆ. ಯಾರೂ ಇಲ್ಲದ್ದು ನೋಡಿ ಎಲೆಯನ್ನು ಕೆರೆದು, ನನ್ನ ಗುರುತು ಕೊರೆದೆ. ಎರಡೇ ಪೆಟ್ಟಿಗೆ ಕೂತಿತು. ಆಸರೆ ತೆಗೆದರೂ ಕಮಾನು ಅಲುಗಲಿಲ್ಲ. ಊರೆಲ್ಲ ನನ್ನನ್ನು ಹೊಗಳಿತು.

ಯುಗಾದಿಯ ಹೊತ್ತಿಗೆ ಕರೀಮ ಸಾಬ ಮರಳಿ ಬಂದ. ಚಿಂತಾಕಿಯಲ್ಲಿ ಕುರಿ ಸಾಕುವವರೊಬ್ಬರ ಮನೆಯಲ್ಲಿ ಅಡಗಿದ್ದನಂತೆ, ಅರ್ಧ ಇಳಿದುಹೋಗಿದ್ದ. ಪಾಟೀಲರು ಅವನನ್ನು ವಾಡೆಗೆ ಕರೆದು, "ನಿಮ್ಮ ಕೆಲಸ ಮಡೆಪ್ಪ ಮುಗಿಸ್ಯಾನ ನೋಡ್ರಿ," ಅಂದರು. ಅವನು ಏಣಿ ಹತ್ತಿ ನಡುವಿನ ಕಲ್ಲನ್ನು ಕೈಯಿಂದ ಸವರಿದ. ಕೆರೆದ ಜಾಗದಲ್ಲಿ ಅವನ ಹೆಬ್ಬೆರಳು ನಿಂತಿತು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ.

ಇಳಿದು ಬಂದು, "ಚಲೋ ಕೂಡಿಸೀರಿ, ಮಡೆಪ್ಪಣ್ಣ," ಅಂದ. ಅಷ್ಟೇ.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಇದರಲ್ಲೂ ಇವನು ನನಗಿಂತ ದೊಡ್ಡವನಾಗಬೇಕೆ? ಹೊಟ್ಟೆಕಿಚ್ಚಿಗೆ ಬಾಯಿ ತಡೆಯಲಿಲ್ಲ. "ಕಲ್ಲು ನಿಮ್ದೇ ಅದರಿ! ಗುರುತು ಕೆರದವ ನಾನು!" ಎಂದು ಎಲ್ಲರೆದುರು ಕೂಗಿಬಿಟ್ಟೆ.

"ಗೊತ್ತದರಿ," ಅಂದ ಕರೀಮ ಸಾಬ. "ಕೂಡಿಸಿದ ಕೈ ನಿಮ್ದೇ ಅಲ್ಲೇನ್ರಿ?"

ಮನೆಗೆ ಬಂದವನೇ ಉಳಿ ಹಿಡಿದು ನನ್ನ ಸೊಟ್ಟ ಮಾಡವನ್ನು ಒಡೆದು ಹಾಕಿದೆ. ಪುತಳಾಬಾಯಿ ಗಾಬರಿಯಾಗಿ, "ಇನ್ನ ದೀಪ ಎಲ್ಲಿ ಇಡ್ಲಿರಿ?" ಅಂದಳು.

"ಉಸ್ತಾದರಿಗೆ ಹೇಳಿ ಬಂದೇನಿ," ಅಂದೆ. "ನಾಳಿ ಬರ್ತಾರ, ಅವರನ್ನೇ ಕೇಳು."