ಹನ್ನೆರಡನೆಯ ನಿಮಿಷದಿಂದಾಚೆ

ಸಿಂಗಸಂದ್ರದ ರಾಮಮಂದಿರದ ಭಜನಾ ಮಂಡಳಿ ತನ್ನ ವೀಡಿಯೊಗಳಿದ್ದ ದೊಡ್ಡ ಜಾಲತಾಣವನ್ನು ಬಿಟ್ಟುಬಿಡುವುದೆಂದು ತೀರ್ಮಾನಿಸಿದ ದಿನ ವೆಂಕಟಪ್ಪನವರು ಅಲ್ಲಿರಲಿಲ್ಲ. ಹೆಂಡತಿ ಮುನಿಯಕ್ಕ ಹೋದ ಮೇಲೆ ಅವರು ಮಂದಿರದ ಮೆಟ್ಟಿಲು ಹತ್ತಿರಲಿಲ್ಲ. ದೇವರ ಮೇಲೆ ಮುನಿಸೇನೂ ಇರಲಿಲ್ಲ. ಬೆಳಗಿನ ಸ್ನಾನ, ಹಣೆಗೆ ನಾಮ, ತುಳಸಿಗೆ ನೀರು ಎಲ್ಲ ಎಂದಿನಂತೆ ನಡೆದಿತ್ತು. ಆದರೆ ಮಂದಿರದಲ್ಲಿ ಹೆಂಗಸರ ಸಾಲಿನ ಮೊದಲ ಜಾಗ ಖಾಲಿಯಿರುತ್ತದೆ, ಇಲ್ಲವೇ ಬೇರೆ ಯಾರಾದರೂ ಕೂತಿರುತ್ತಾರೆ. ಎರಡನ್ನೂ ನೋಡುವ ಮನಸ್ಸು ಅವರಿಗಿರಲಿಲ್ಲ.

ಅದರ ಬದಲು ಸಂಜೆ ದೀಪ ಹಚ್ಚಿದ ಮೇಲೆ ಫೋನು ಹಿಡಿದು ಕೂರುತ್ತಿದ್ದರು. ಕಳೆದ ವೈಕುಂಠ ಏಕಾದಶಿಯ ಭಜನೆ ಮಂಡಳಿಯ ಪೇಜಿನಲ್ಲಿತ್ತು. ಮುನಿಯಕ್ಕ ಹಾಡಿದ್ದು ಅದೇ ಕೊನೆ. ಅದಾದ ಹದಿನೆಂಟನೆಯ ದಿನ ಆಕೆಯ ಎದೆಬಡಿತ ನಿಂತಿತು. ವೀಡಿಯೊ ಮೂವತ್ತೆಂಟು ನಿಮಿಷದ್ದು. ಹನ್ನೆರಡನೆಯ ನಿಮಿಷದಲ್ಲಿ ಆಕೆ ಎತ್ತಿಕೊಂಡ ಹಾಡಿನ ಧಾಟಿ ತಮ್ಮದೆಂದು ಯಾವುದೋ ಸಂಗೀತದ ಕಂಪನಿ ತಕರಾರು ಹೂಡಿದ್ದರಿಂದ ಜಾಲತಾಣ ಅಲ್ಲಿಂದ ಮುಂದಿನ ಧ್ವನಿಯನ್ನೆಲ್ಲ ಮುಚ್ಚಿಬಿಟ್ಟಿತ್ತು. ಮುನಿಯಕ್ಕ ಆ ಹಾಡನ್ನು ಅಜ್ಜಿಯಿಂದ ಕಲಿತಿದ್ದಳು. ಅಜ್ಜಿ ಅದನ್ನು ರಾಗಿ ಹೊಲದಲ್ಲಿ ಕಳೆ ಕೀಳುತ್ತ ಹಾಡುತ್ತಿದ್ದಳಂತೆ. ಆ ಹೊಲದ ಮೇಲೆ ಈಗ ಹದಿನಾಲ್ಕು ಅಂತಸ್ತಿನ ಕಟ್ಟಡವಿದೆ. ಮಂಡಳಿಯವರು ಮೂರು ಸಲ ಬರೆದುಕೊಂಡರು. ಮೂರು ಸಲವೂ ಅಕ್ಷರ ಬದಲಾಗದ ಒಂದೇ ಉತ್ತರ ಬಂತು.

ವೆಂಕಟಪ್ಪನವರು ಹನ್ನೆರಡು ನಿಮಿಷ ಕೇಳುತ್ತಿದ್ದರು, ಇಪ್ಪತ್ತಾರು ನಿಮಿಷ ನೋಡುತ್ತಿದ್ದರು. ಆಕೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ಕಣ್ಣು ಮುಚ್ಚುತ್ತಾಳೆ, ಎಲ್ಲಿ ತುಟಿ ಬಿಗಿದು ತಾಳ ಮಾತ್ರ ತಟ್ಟುತ್ತಾಳೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು.

ಭಾನುವಾರ ಮಧ್ಯಾಹ್ನ ಮಂಡಳಿಯಿಂದ ಮೂವರು ಬಂದರು. ನಲ್ಲಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಯಂತ್ರ ನಡೆಸಿ ನಿವೃತ್ತನಾದವನು. ವೇಣಿ ಪಕ್ಕದ ಬೀದಿಯ ಸೊಸೆ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ. ಲಕ್ಷ್ಮಮ್ಮ ಮುನಿಯಕ್ಕನ ಪಕ್ಕದಲ್ಲಿ ಕೂತು ನಲವತ್ತು ವರ್ಷ ಹಾಡಿದವಳು.

"ಅಣ್ಣ, ನಮ್ ಪೇಜು ಇರೋದು ಮುನಿಯಕ್ಕನ ಖಾತೇಲಿ," ಎಂದ ನಲ್ಲಪ್ಪ. "ಅನ್ನೊಂದು ತಿಂಗಳಿಂದ ಅದರೊಳಕ್ಕೆ ಯಾರೂ ಓಗಿಲ್ಲ. ಇನ್ನಾರು ದಿನಕ್ಕೆ ಖಾತೆ ಅಳಿಸಾಕ್ತೀವಿ ಅಂತ ಪೇಜಿನ ಮೇಲೇ ನೋಟೀಸ್ ಬಂದೈತೆ. ಅಷ್ಟರೊಳಗೆ ಎಲ್ಲಾ ಇಳಿಸ್ಕೊಂಡು ಜಗಲಿಗೆ ತರಬೇಕು."

ಜಗಲಿ ಎಂಬುದು ಚಂದಾಪುರದ ಗ್ರಂಥಾಲಯದವರು, ಕೆರೆ ಸಮಿತಿಯವರು, ಪೀಣ್ಯದ ಕಾರ್ಮಿಕರ ಸಂಘವೊಂದು ಮತ್ತು ಈ ಮಂಡಳಿ ಕೂಡಿ ನಡೆಸುವ ಪುಟ್ಟ ಜಾಲತಾಣ. ಅದು ಓಡುವ ಕಂಪ್ಯೂಟರು ಮಂದಿರದ ಹಿಂದಿನ ಕೋಣೆಯಲ್ಲಿ, ಪಲ್ಲಕ್ಕಿಯ ಪಕ್ಕದಲ್ಲಿತ್ತು. ಜಾಹೀರಾತಿಲ್ಲ. ಏನಿರಬೇಕು, ಏನಿರಬಾರದು ಎಂಬುದನ್ನು ತಿಂಗಳಿಗೊಮ್ಮೆ ಎಲ್ಲರೂ ಕೂತು ಮಾತಾಡಿಕೊಳ್ಳುತ್ತಿದ್ದರು.

"ಇರೋದು ಇದ್ದಂಗೇ ಇರ್ಲಿ ಬಿಡೋ," ಎಂದರು ವೆಂಕಟಪ್ಪನವರು. "ಅಲ್ಲಿ ನಲವತ್ತು ಸಾವಿರ ಜನ ಅವ್ರೆ. ದಿನಾ ಯಾರಾದ್ರೂ ಬಂದು ಅವಳಿಗೆ ಕೈ ಮುಗ್ದು ಓಗ್ತಾರೆ. ನಿನ್ನ ಜಗಲೀಲಿ ಎಷ್ಟು ಜನ?"

"ಎಂಬತ್ಮೂರು."

"ಎಂಬತ್ತೆರಡು," ಎಂದಳು ಲಕ್ಷ್ಮಮ್ಮ. "ಇವನ ಬಾಮೈದ ಎರಡು ಸಲ ಸೇರ್ಕೊಂಡವ್ನೆ. ಕರೆಂಟ್ ಓದ್ರೆ ಅಷ್ಟು ಜನಾನೂ ಇರಲ್ಲ."

"ಯುಪಿಎಸ್ ಆಕ್ಸಿದೀನಿ ಕಣಕ್ಕ, ಒಂದ್ಸಲ ಓಗಿದ್ದನ್ನೇ ಎಷ್ಟು ಸಲ ಏಳ್ತೀಯ?"

ವೇಣಿ ಲ್ಯಾಪ್‌ಟಾಪು ತೆರೆದಳು. "ಇದ್ದಂಗೆ ಇರಲ್ಲ ದೊಡ್ಡಪ್ಪ, ಶನಿವಾರಕ್ಕೆ ಎಲ್ಲಾ ಹೋಗುತ್ತೆ. ಇನ್ನೊಂದು ವಿಷಯ. ಅವರು ಮುಚ್ಚಿರೋದು ಹೊರಗಡೆ ಕಾಣೋ ವೀಡಿಯೋದ ಧ್ವನಿ ಮಾತ್ರ. ಖಾತೆಯೊಳಗೆ ಮೂಲದ್ದು ಹಂಗೇ ಇರುತ್ತೆ. ಒಳಗೆ ಹೋದ್ರೆ ದೊಡ್ಡಮ್ಮನ ಹಾಡು ಪೂರ್ತಿ ಸಿಗುತ್ತೆ."

ವೆಂಕಟಪ್ಪನವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಆಮೇಲೆ ಚಾಪೆಯ ಮೇಲೆ ವೇಣಿಯ ಪಕ್ಕಕ್ಕೆ ಸರಿದು ಕೂತರು.

ಒಳಗೆ ಹೋಗುವುದು ಸುಲಭವಿರಲಿಲ್ಲ. ಮುನಿಯಕ್ಕನ ಫೋನನ್ನು ರಿಪೇರಿ ಅಂಗಡಿಯವನು ಬ್ಯಾಟರಿ ಹಾಕುವಾಗ ಪೂರ್ತಿ ಅಳಿಸಿಕೊಟ್ಟಿದ್ದ. ಪಾಸ್‌ವರ್ಡು ಯಾರಿಗೂ ತಿಳಿಯದು. ಒಟಿಪಿ ತರಿಸೋಣವೆಂದರೆ ಆ ನಂಬರು ಈಗ ಬೇರೆಯವರದು. ನಲ್ಲಪ್ಪ ಫೋನು ಮಾಡಿದಾಗ ಮಾರತ್‌ಹಳ್ಳಿಯಲ್ಲಿ ಟೈಲ್ಸ್ ಕೂರಿಸುವ ಒಬ್ಬ ಹುಡುಗ ಹಿಂದಿಯಲ್ಲಿ ಮಾತಾಡಿ, ಅಂಥದ್ದೇನೂ ಬಂದಿಲ್ಲವೆಂದ. ಉಳಿದದ್ದು ಗುಟ್ಟಿನ ಪ್ರಶ್ನೆ ಒಂದೇ. ಎಂಟು ವರ್ಷದ ಹಿಂದೆ ಖಾತೆ ಮಾಡಿಕೊಟ್ಟವಳು ವೇಣಿಯೇ. ಪ್ರಶ್ನೆ ಬಂದಾಗ, ಉತ್ತರ ನೀವೇ ಒತ್ತಿ ಎಂದು ಫೋನು ಕೊಟ್ಟು ಆಚೆ ತಿರುಗಿದ್ದಳು.

ಪರದೆಯ ಮೇಲೆ ಕನ್ನಡದಲ್ಲಿ ಬಂತು: ನಿಮ್ಮ ಗಂಡನ ಹೆಸರೇನು? ಕೆಳಗೆ, ಮೂರು ಅವಕಾಶಗಳಿವೆ.

"ಅಷ್ಟೇನಾ!" ಎಂದು ನಲ್ಲಪ್ಪ ನಕ್ಕ.

ವೇಣಿ 'ವೆಂಕಟಪ್ಪ' ಎಂದು ಒತ್ತಿದಳು. ತಪ್ಪು ಎಂದು ಬಂತು. ಎಲ್ಲರೂ ಮುಖ ನೋಡಿಕೊಂಡರು. ವೆಂಕಟಪ್ಪನವರು ಎದ್ದುಹೋಗಿ ಪೆಟ್ಟಿಗೆಯಿಂದ ವೋಟಿನ ಕಾರ್ಡು ತಂದರು. ಅದರಲ್ಲಿದ್ದಂತೆ ಅಪ್ಪನ ಹೆಸರು ಸೇರಿಸಿ ಒತ್ತಿದ್ದಾಯಿತು. ಅದೂ ತಪ್ಪು. ಇನ್ನೊಂದು ಅವಕಾಶ ಉಳಿಯಿತು. ಅದೂ ತಪ್ಪಿದರೆ ಮತ್ತೆ ಕೇಳುವುದು ಹದಿನೈದು ದಿನದ ನಂತರ.

"ಈಗ ಒತ್ಬೇಡ ಕಣಮ್ಮ," ಎಂದರು ವೆಂಕಟಪ್ಪನವರು. "ವಸಿ ತಡಿ."

ಅವರು ತಮ್ಮ ಫೋನು ತೆಗೆದು ಏಕಾದಶಿಯ ವೀಡಿಯೊವನ್ನು ಹನ್ನೆರಡನೆಯ ನಿಮಿಷದಿಂದ ಹಾಕಿದರು. ಶಬ್ದವಿಲ್ಲ. ಮುನಿಯಕ್ಕನ ತುಟಿ ಆಡುತ್ತಿತ್ತು. ಒಂದು ಕಡೆ ತುಟಿ ಬಿಗಿಯಿತು, ತಾಳ ಮಾತ್ರ ಆಡಿತು, ಮತ್ತೆ ತುಟಿ ಬಿಚ್ಚಿತು. ಅವರು ಅಲ್ಲಿಗೆ ನಿಲ್ಲಿಸಿ ಲಕ್ಷ್ಮಮ್ಮನ ಕಡೆ ಫೋನು ಹಿಡಿದರು.

"ಇಲ್ಲಿ ಏನು ಬತ್ತದೆ ಹಾಡಲ್ಲಿ?"

ಲಕ್ಷ್ಮಮ್ಮ ನೋಡಿದಳು. ಮೆಲ್ಲಗೆ ಗುನುಗಿದಳು. ನಕ್ಕುಬಿಟ್ಟಳು. "ವೆಂಕಟರಮಣ ಅಂತ ಬತ್ತದೆ! ಅವಳು ಯಾವತ್ತು ಆ ಮಾತು ಆಡವ್ಳೆ? ಅಲ್ಲಿ ನಾವು ಆಡ್ತಿದ್ವಿ, ಅವಳು ತಾಳ ಆಕೋಳು. ಗಂಡನ ಎಸರು ಬಾಯಲ್ಲಿ ಬರಬಾರ್ದು ಅಂತ ದೇವರ ಎಸರನ್ನೇ ನುಂಗಿದ ಇಂಥ ಭಕ್ತೆ ಇನ್ನೊಬ್ಬಳಿಲ್ಲ."

"ಬಾಯಲ್ಲಿ ತಾನೇ ಹೇಳಬಾರದು? ಇದು ಬರೆಯೋದು," ಎಂದಳು ವೇಣಿ.

"ಅವಳಿಗೆ ಎರಡೂ ಒಂದೇ," ಎಂದರು ವೆಂಕಟಪ್ಪನವರು. "ರೇಷನ್ ಆಫೀಸಲ್ಲಿ ಕೇಳಿದ್ರೆ, ಏಳು ಬೆಟ್ಟದವರು ಅಂತ ಬರ್ಕೊಳ್ಳಿ ಅಂದಿದ್ಲು. ಅಲ್ಲಿದ್ದವನು ತಮಿಳಿನವನು, ಏಳುಮಲೈ ಅಂತ ಬರ್ಕೊಂಡ. ಮೂರು ತಿಂಗಳು ನಾನು ಏಳುಮಲೈ ಆಗಿ ಸಕ್ಕರೆ ತಂದಿದೀನಿ."

ನಲ್ಲಪ್ಪ ನಗಬೇಕೋ ಬೇಡವೋ ತಿಳಿಯದೆ ಕೂತಿದ್ದ. "ಅಣ್ಣ, ತಿಮ್ಮಪ್ಪ ಅಂತ ಬರೆದಿದ್ರೆ? ಇರೋದು ಒಂದೇ ಅವಕಾಶ."

"ಇಲ್ಲ. ಕೇಳಿದವರಿಗೆಲ್ಲ ಅವಳು ಏಳ್ತಿದ್ದಿದ್ದು ಅದೊಂದೇ." ಅವರು ಕಣ್ಣು ಮುಚ್ಚಿ ಒಂದು ಸಲ ಕೈ ಮುಗಿದರು. "ಒತ್ತಮ್ಮ."

ವೇಣಿ 'ಏಳು ಬೆಟ್ಟದವರು' ಎಂದು ಒತ್ತಿದಳು. ಖಾತೆ ತೆರೆಯಿತು.

ಇಳಿಸಿಕೊಳ್ಳಲು ಒಂದೂವರೆ ಗಂಟೆ ಹಿಡಿಯಿತು. ಎಂಟು ವರ್ಷದ ಭಜನೆಗಳು, ಹಬ್ಬದ ಫೋಟೊಗಳು, ಲಕ್ಷ್ಮಮ್ಮನ ಮೊಮ್ಮಗನ ನಾಮಕರಣ. ಕೊನೆಗೆ ಏಕಾದಶಿಯದು. ವೇಣಿ ಮೊದಲಿನಿಂದ ಹಾಕಲು ಹೋದಳು. ವೆಂಕಟಪ್ಪನವರು, ಹನ್ನೆರಡರಿಂದ, ಎಂದರು.

ಹಾಡು ಬಂತು. ಆ ಮಾತು ಬಂದಲ್ಲಿ ಉಳಿದ ಹೆಂಗಸರ ಧ್ವನಿ ಮಾತ್ರ ಕೇಳಿ, ಮತ್ತೆ ಮುನಿಯಕ್ಕನ ಧ್ವನಿ ಸೇರಿಕೊಂಡಿತು. ಮಂಗಳಾರತಿಯಾಯಿತು. ಕ್ಯಾಮೆರಾ ನಿಲ್ಲಿಸುವುದನ್ನು ಯಾರೋ ಮರೆತಿದ್ದರು. ಚಾಪೆ ಸುತ್ತುವ ಸದ್ದು, ಗಂಟೆಯ ಸದ್ದು. ಅದರ ನಡುವೆ ಮುನಿಯಕ್ಕ ಹೇಳಿದ್ದು ಸ್ಪಷ್ಟವಾಗಿತ್ತು: "ನಾನ್ ಓಗ್ತೀನಿ ಕಣ್ರೇ. ಏಳು ಬೆಟ್ಟದವರು ಉಪವಾಸ ಅಂತ ಮನೇಲಿ ಕೂತವ್ರೆ. ಅಡುಗೆಮನೇಲಿ ಅವಲಕ್ಕಿ ಡಬ್ಬ ಬರಿದಾಗಿರ್ತದೆ."

ಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಜೊತೆಗೇ ನಕ್ಕಳು. "ಕೇಳಿಸ್ತಾ ಅಣ್ಣ, ನಿನ್ ಏಕಾದಶಿ?"

"ಕೇಳಿಸ್ತು," ಎಂದರು ವೆಂಕಟಪ್ಪನವರು.

"ಜಗಲಿಗೆ ಹಾಕುವಾಗ ಈ ತುದಿ ಕತ್ತರಿಸಲಾ ದೊಡ್ಡಪ್ಪ?" ಎಂದು ವೇಣಿ ಕೇಳಿದಳು. "ಇದು ಭಜನೆ ಅಲ್ಲ."

"ಇರ್ಲಿ. ಅಲ್ಲಿರೋದು ಎಂಬತ್ತೆರಡು ಜನ. ಎಲ್ಲರಿಗೂ ನಾನು ಗೊತ್ತು."

ಉಳಿದದ್ದು ದೊಡ್ಡ ತಾಣದ ಖಾತೆ. ಶನಿವಾರದ ತನಕ ಬಿಟ್ಟರೆ ತಾನಾಗಿ ಹೋಗುತ್ತದೆ ಎಂದಳು ವೇಣಿ. ತಾನಾಗಿ ಹೋಗುವುದು ಬೇಡವೆಂದು ವೆಂಕಟಪ್ಪನವರು ಹೇಳಿದರು. ಆ ಪೇಜಿನಲ್ಲಿ ಜಗಲಿಯ ವಿಳಾಸ ಬರೆಸಿದರು, ಇಷ್ಟು ದಿನ ಕೈ ಮುಗಿದವರಿಗೆ ನಮಸ್ಕಾರ ಎಂದೂ ಬರೆಸಿದರು. ಓದುವವರು ಓದಲೆಂದು ಐದು ದಿನ ಹಾಗೆಯೇ ಬಿಟ್ಟು, ಶುಕ್ರವಾರ ಮನೆಯಲ್ಲಿ ಪೂಜೆ ಮುಗಿಸಿ, ಅಳಿಸುವ ಗುಂಡಿಯನ್ನು ತಾವೇ ಒತ್ತಿದರು.

ಮಾರನೆಯ ದಿನ ಸಂಜೆ ದೀಪ ಹಚ್ಚಿದ ಮೇಲೆ ಫೋನು ಕೈಗೆತ್ತಿಕೊಂಡರು. ಜಗಲಿ ತೆರೆಯಲಿಲ್ಲ. ನಲ್ಲಪ್ಪನಿಗೆ ಕರೆ ಮಾಡಿದರು.

"ಕರೆಂಟ್ ಓಗೈತೆ ಅಣ್ಣ. ಯುಪಿಎಸ್ಸೂ ಕೂತೋಯ್ತು. ಲಕ್ಷ್ಮಕ್ಕಂಗೆ ಏಳ್ಬೇಡ. ಮಂದಿರಕ್ಕೆ ಎಲ್ಲಾ ಬಂದವ್ರೆ, ದೀಪ ಇಟ್ಕೊಂಡು ಭಜನೆ ಶುರು ಮಾಡ್ತಾವ್ರೆ."

ವೆಂಕಟಪ್ಪನವರು ಫೋನು ಮೇಜಿನ ಮೇಲಿಟ್ಟರು. ಗೂಟದಲ್ಲಿ ನೇತುಹಾಕಿದ್ದ ಮುನಿಯಕ್ಕನ ತಾಳದ ಜೋಡಿ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡು ಮಂದಿರದ ಕಡೆ ಹೊರಟರು.