ಬಾಟಲಿಯ ಬಾಯಿಗೆ ಅಡ್ಡಬಂದ ಕೆನೆ

ನಾನು ಹಾಲಿನೊಳಗಿನ ಒಂದು ಪ್ರೋಟೀನು. ಹುಟ್ಟಿದ್ದು ಮದ್ದೂರಿನ ಕಡೆಯ ಒಂದು ಕಂದು ಹಸುವಿನ ಕೆಚ್ಚಲಲ್ಲಿ. ಆಗ ಅಚ್ಚುಕಟ್ಟಾಗಿ ಸುತ್ತಿಟ್ಟ ನೂಲಿನ ಉಂಡೆಯಂತಿದ್ದೆ. ನನ್ನ ತುದಿ ಎಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ.

ಹಾಲಿನಪುಡಿ ಕಾರ್ಖಾನೆಯಲ್ಲಿ ಮೊದಲ ಬಿಸಿ ತಾಗಿತು. ಕೆಟ್ಟ ಕ್ರಿಮಿಗಳು ಸಾಯಲೆಂದು ಕಾಯಿಸಿದರು. ಅವು ಸತ್ತವು, ಸರಿ. ನನ್ನ ಉಂಡೆಯ ಸುತ್ತುಗಳೂ ಸಡಿಲವಾದವು. ಪಕ್ಕದವನ ಎಳೆ ನನ್ನದಕ್ಕೆ ತೊಡರಿತು. ನಾನು ಎಲ್ಲಿ ಮುಗಿದೆ, ಅವನು ಎಲ್ಲಿ ಶುರು? ತಿಳಿಯಲಿಲ್ಲ. ಕಥೆಗಳಲ್ಲಾದರೆ ಮಾಯೆ ಕಳೆದ ಮೇಲೆ ಹಳೇ ರೂಪ ಬರುತ್ತದಂತೆ. ನಾನು ತಣ್ಣಗಾದೆ, ಒಣಗಿ ಪುಡಿಯಾದೆ, ಮಕ್ಕಳ ಹಾಲಿನ ಡಬ್ಬಿಗೂ ಬಿದ್ದೆ. ಹಳೇ ರೂಪ ಬರಲೇ ಇಲ್ಲ.

ಡಬ್ಬಿ ತೆರೆದವಳು ಸುಗುಣ, ಬಾಣಂತನಕ್ಕೆ ತವರಿಗೆ ಬಂದವಳು. ಎದೆಹಾಲು ಸಾಲುತ್ತಿರಲಿಲ್ಲ. ಸೋಮವಾರದೊಳಗೆ ತೂಕ ಏರದಿದ್ದರೆ ಕೂಸನ್ನು ಆಸ್ಪತ್ರೆಗೆ ಸೇರಿಸಬೇಕೆಂದು ಡಾಕ್ಟರು ಹೇಳಿದ್ದರು. ಕುದಿಸಿದ ಬಿಸಿನೀರಿಗೆ ಪುಡಿ ಕಲಸಿ, ಆರಿಸಿ ಕುಡಿಸಿದರೆ ಸಾಕಿತ್ತು. ನಿನ್ನೆಯಂತೆ ಇವತ್ತೂ ಸುಗುಣ ಕಲಸಿ, ಆರಿಸಲೆಂದು ತಾಯಿ ಚೆನ್ನಾಜಮ್ಮನ ಕೈಗೆ ಕೊಟ್ಟಳು.

"ಉಕ್ಕದೆ ಇರೋ ಹಾಲ ಕೂಸಿಗೆ ಕೊಡೋದುಂಟಾ?" ಎಂದು ಗೊಣಗುತ್ತಾ ಚೆನ್ನಾಜಮ್ಮ ಅಡುಗೆಮನೆಯಲ್ಲಿ ಒಲೆಯ ಮೇಲಿಟ್ಟರು.

ಉಕ್ಕಿತು, ಇಳಿಯಿತು, ಮತ್ತೆ ಉಕ್ಕಿತು. ನಾವೆಲ್ಲ ಮೇಲೆ ಬಂದು, ಒಬ್ಬರಿಗೊಬ್ಬರು ಅಂಟಿ ಪದರವಾದೆವು. ಬಾಟಲಿಗೆ ಸುರಿದಾಗ ಅದರ ಚೂರೊಂದರಲ್ಲಿ ಸೇರಿ ನಿಪ್ಪಲ್ಲಿನ ತೂತಿಗೆ ಸಿಕ್ಕಿಕೊಂಡೆ.

ಕೂಸು ಚೀಪಿತು. ಇನ್ನೂ ಚೀಪಿತು. ಅತ್ತಿತು.

"ಬಾಟ್ಲಿ ತುಂಬ ಐತೆ, ಇನ್ಯಾಕಳ್ತದೆ? ಥೇಟ್ ನಿಮ್ಮತ್ತೆ ಹಟ," ಅಂದರು ಚೆನ್ನಾಜಮ್ಮ.

"ನಿನ್ನೆಯಿಂದ ಹಿಂಗೇ ಕಣವ್ವ. ಏನಾಗೈತೆ ಇದಕ್ಕೆ?" ಸುಗುಣ ಕೂಸನ್ನು ಹೆಗಲಿಗೆ ಹಾಕಿ ತಟ್ಟಿದಳು.

ನನಗೂ ಅದೇ ಗಾಬರಿ. ಆ ಬಾಯಿಗಾಗಿಯೇ ಅಲ್ಲವೆ ಇಷ್ಟು ದೂರ ಬಂದದ್ದು? ಬಾಗಿಲ ತನಕ ಬಂದು, ನಾನೇ ಮುಚ್ಚಿದ ಬಾಗಿಲಾಗಿಬಿಟ್ಟಿದ್ದೆ.

ಸುಗುಣ ಬಾಟಲಿಯನ್ನು ತಲೆಕೆಳಗು ಮಾಡಿದಳು. ಹನಿ ಬೀಳಲಿಲ್ಲ. ನಿಪ್ಪಲ್ಲು ಬಿಚ್ಚಿ ಮಗುಚಿದಳು.

"ಅವ್ವ, ಕೆನೆ ಇದು. ಕಾಯಿಸ್ದ್ಯಾ?"

"ಕಾಯಿಸ್ದೆ ಮತ್ತೆ? ನಿನ್ನ ಸಾಕಿದ್ದೂ ಹಂಗೇಯ." ಚೆನ್ನಾಜಮ್ಮ ನನ್ನನ್ನು ಉಗುರಿನಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಕೆನೆ ಅಂದ್ರೆ ಸತ್ವ ಅಂದ್ಕಂಡಿದ್ನಲ್ಲ ಮಗ," ಅಂದರು ಮೆಲ್ಲಗೆ.

ಈಗ ಅವರು ಉಗುರಿನಿಂದ ಒರೆಸಿಬಿಟ್ಟ ಕಿಟಕಿಯ ಅಂಚಿನಲ್ಲಿ ಒಣಗುತ್ತಿದ್ದೇನೆ. ಒಳಗೆ ಕೂಸು ಹೊಸದಾಗಿ ಕಲಸಿದ ಹಾಲನ್ನು ಗುಟುಗುಟು ಕುಡಿಯುತ್ತಿದೆ. ಕಾರ್ಖಾನೆಯವರು ಕಾಯಿಸಿದ್ದೂ ಕೂಸು ಚೆನ್ನಾಗಿರಲಿ ಅಂತ, ಚೆನ್ನಾಜಮ್ಮ ಕಾಯಿಸಿದ್ದೂ ಅದಕ್ಕೇ. ಒಂದು ಬಿಸಿ ನನ್ನನ್ನು ಅದರ ತನಕ ತಂದಿತು, ಇನ್ನೊಂದು ಅಲ್ಲೇ ತಡೆಯಿತು. ಯಾಕೋ, ಇನ್ನೂ ಅರ್ಥವಾಗಿಲ್ಲ.

ಇರುವೆಗಳು ಬಂದು ನನ್ನನ್ನು ಎಳೆಯತೊಡಗಿವೆ. ಅವುಗಳ ಗೂಡಿನಲ್ಲೂ ಮರಿಗಳಿರಬಹುದು.